ನವೋದಯ ಪರೀಕ್ಷೆ: ಗೊತ್ತಿರುವ ಉತ್ತರಕ್ಕೆ ಅಂಕ ತಪ್ಪಬಾರದು

ಕೇಂದ್ರ ಸರ್ಕಾರದ ವಸತಿಶಾಲೆಗಳಾದ ಜವಾಹರ ನವೋದಯ ವಿದ್ಯಾಲಯಗಳಲ್ಲಿ ಆರನೇ ತರಗತಿಗೆ ಸೇರಲು ಮಕ್ಕಳು ಬರೆಯುವ ನವೋದಯ ಪರೀಕ್ಷೆಯಲ್ಲಿ 80 ಪ್ರಶ್ನೆ, 100 ಅಂಕ, 2 ಗಂಟೆ. ಮಾನಸಿಕ ಸಾಮರ್ಥ್ಯಕ್ಕೆ 40 ಪ್ರಶ್ನೆ, ಅಂಕಗಣಿತಕ್ಕೆ 20, ಭಾಷೆಗೆ 20. ಪ್ರಶ್ನೆಗೆ 1.25 ಅಂಕ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಗೊತ್ತಿಲ್ಲದಿದ್ದರೂ ಒಂದನ್ನೂ ಖಾಲಿ ಬಿಡಕೂಡದು.

ಎಲ್ಲರೂ ಮಾನಸಿಕ ಸಾಮರ್ಥ್ಯದ ಚಿತ್ರದ ಪ್ರಶ್ನೆಗಳ ಹಿಂದೆ ಬೀಳುತ್ತಾರೆ. ನಮ್ಮ ಪ್ರಕಾರ ಬೇಗ ಕೈಗೆ ಬರುವುದು ಭಾಷೆಯ 25 ಅಂಕ. ನಾಲ್ಕು ಗದ್ಯಭಾಗ, ಒಂದೊಂದಕ್ಕೆ ಐದು ಪ್ರಶ್ನೆ, ಅಷ್ಟೇ. ಮಕ್ಕಳು ಎಡವುವುದು ಎಲ್ಲಿ ನೋಡಿ. ‘ಹತ್ತು ವರ್ಷದಿಂದ ಕೆರೆಯ ಹೂಳು ತೆಗೆದಿರಲಿಲ್ಲ. ಈ ಸಲ ಒಳ್ಳೆ ಮಳೆಯಾದರೂ ಬೇಸಿಗೆಗೆ ಮೊದಲೇ ನೀರು ಬರಿದಾಯಿತು.’ ನೀರು ಬರಿದಾದದ್ದೇಕೆ ಎಂದು ಕೇಳಿದರೆ ಮಗು ಥಟ್ಟನೆ ‘ಮಳೆ ಕಡಿಮೆಯಾಗಿ’ ಎನ್ನುತ್ತದೆ. ಊರಲ್ಲಿ ಕೇಳಿದ ಮಾತು ಅದು, ಗದ್ಯದಲ್ಲಿಲ್ಲ; ಗದ್ಯದಲ್ಲಿರುವ ಕಾರಣ ಹೂಳು. ಮೊದಲು ಪ್ರಶ್ನೆಗಳನ್ನು ಓದಿಸಿ, ಆಮೇಲೆ ಗದ್ಯ. ಪ್ರತಿ ಉತ್ತರಕ್ಕೂ ‘ಯಾವ ಸಾಲಲ್ಲಿದೆ, ಬೆರಳಿಟ್ಟು ತೋರಿಸು’ ಎನ್ನಿ. ದಿನಕ್ಕೆ ಒಂದು ಗದ್ಯ ಸಾಕು, ಆರು ನಿಮಿಷದೊಳಗೆ.

ಲೆಕ್ಕದಲ್ಲಿ ಕೈಕೊಡುವುದು ಹೆಚ್ಚಾಗಿ ಅಳತೆಯ ಮಾನ. 2.5 ಕೆ.ಜಿ. ಸಕ್ಕರೆಯನ್ನು 250 ಗ್ರಾಂ ಪೊಟ್ಟಣ ಕಟ್ಟಿದರೆ ಎಷ್ಟು ಪೊಟ್ಟಣ? ಮಗು 2.5ನ್ನು ನೇರವಾಗಿ 250ರಿಂದ ಭಾಗಿಸಲು ಹೋಗುತ್ತದೆ. ಕೆ.ಜಿ., ಗ್ರಾಂ ಎಂಬಲ್ಲಿ ಮೊದಲು ಸುತ್ತು ಹಾಕಿ 2500 ಗ್ರಾಂ ಎಂದು ಬರೆದುಕೊಂಡರೆ ಉತ್ತರ 10 ತಾನಾಗಿ ಬರುತ್ತದೆ.

ಕಾಗದ ಮಡಚಿ ತೂತು ಹಾಕುವ ಚಿತ್ರಗಳನ್ನು ಪುಸ್ತಕದಲ್ಲೇ ವಿವರಿಸಬೇಡಿ. ಹಳೇ ಕಾಗದ ಎರಡು ಸಲ ಮಡಚಿ, ಪಿನ್ನಿನಿಂದ ಚುಚ್ಚಿ, ಬಿಚ್ಚಿ ತೋರಿಸಿ: ಒಂದು ತೂತು ನಾಲ್ಕಾಗಿರುತ್ತದೆ. ಕನ್ನಡಿ ಬಿಂಬಕ್ಕೆ ನಿಜವಾದ ಕನ್ನಡಿಯನ್ನೇ ಪಕ್ಕಕ್ಕೆ ಹಿಡಿಯಿರಿ.

ಇನ್ನು ಓಎಂಆರ್ ಶೀಟ್, ಅಂದರೆ ವೃತ್ತ ತುಂಬಿ ಉತ್ತರ ಗುರುತಿಸುವ, ಯಂತ್ರ ಓದುವ ಹಾಳೆ. ಶಾಲೆಯಲ್ಲಿ ಪೆನ್ಸಿಲ್, ರಬ್ಬರ್ ಹಿಡಿದ ಕೈಗೆ ಇಲ್ಲಿ ಬಾಲ್‌ಪೆನ್. ಒಮ್ಮೆ ತುಂಬಿದ ವೃತ್ತವನ್ನು ಬದಲಿಸುವಂತಿಲ್ಲ. ಪರೀಕ್ಷೆಗೆ ಒಂದೆರಡು ತಿಂಗಳಿರುವಾಗಲೇ ಮಾದರಿ ಶೀಟಿನ ಇಪ್ಪತ್ತು ಜೆರಾಕ್ಸ್ ಮಾಡಿಸಿ ಪೆನ್ನಲ್ಲೇ ಅಭ್ಯಾಸ ಮಾಡಿಸಿ. ವೃತ್ತವನ್ನು ಅಂಚಿನೊಳಗೆ ಪೂರ್ತಿ ತುಂಬಬೇಕು, ಟಿಕ್ ಹಾಕುವುದಲ್ಲ.

ದೊಡ್ಡ ಅನಾಹುತ ಸಾಲು ಜಾರುವುದು. 23ನೇ ಪ್ರಶ್ನೆ ಬಿಟ್ಟು 24ರ ಉತ್ತರವನ್ನು 23ರ ಎದುರು ತುಂಬಿದರೆ ಮುಂದಿನದೆಲ್ಲ ಪಲ್ಲಟ. ಅದಕ್ಕೆ ಮೊದಲು ಪ್ರಶ್ನೆಪತ್ರಿಕೆಯಲ್ಲೇ ಗುರುತು ಹಾಕಿ, ನಾಲ್ಕೈದು ಉತ್ತರಗಳನ್ನು ಒಟ್ಟಿಗೆ ಶೀಟಿಗೆ ಇಳಿಸಲಿ, ಸಂಖ್ಯೆಯನ್ನು ತುಟಿಯಲ್ಲೇ ಹೇಳಿಕೊಳ್ಳುತ್ತ. ಬಿಟ್ಟ ಪ್ರಶ್ನೆಗೆ ಪತ್ರಿಕೆಯಲ್ಲಿ ನಕ್ಷತ್ರ ಹಾಕಲಿ. ಎಲ್ಲವನ್ನೂ ಕೊನೆಯಲ್ಲಿ ತುಂಬುತ್ತೇನೆಂದರೆ ಗಂಟೆ ಬಾರಿಸಿಬಿಡುತ್ತದೆ.

ಸಮಯ ಹೀಗೆ ಹಂಚಬಹುದು: ಭಾಷೆಗೆ 25 ನಿಮಿಷ, ಮಾನಸಿಕ ಸಾಮರ್ಥ್ಯಕ್ಕೆ 50, ಲೆಕ್ಕಕ್ಕೆ 35, ನಕ್ಷತ್ರ ಹಾಕಿದವಕ್ಕೆ ಉಳಿದ 10. ಪತ್ರಿಕೆ ಕೈಗೆ ಬಂದ ಕೂಡಲೇ ಅದರ ಭಾಷೆ ಪ್ರವೇಶಪತ್ರದಲ್ಲಿರುವುದೇ ಎಂದು ನೋಡಲಿ. ಬೇರೆಯಿದ್ದರೆ ಬರೆಯಲು ಶುರುಮಾಡುವ ಮೊದಲೇ ಎದ್ದು ನಿಂತು ಮೇಲ್ವಿಚಾರಕರಿಗೆ ಹೇಳಬೇಕು. ನಾಚಿಕೆ ಸ್ವಭಾವದ ಮಗುವಾದರೆ ಆ ಮಾತನ್ನೂ ಮನೆಯಲ್ಲಿ ಎರಡು ಸಲ ಹೇಳಿಸಿ ನೋಡಿ.