ಲಾಂಗ್ ಟರ್ಮ್‌ಗೆ ದುಡ್ಡು ಕಟ್ಟುವ ಮೊದಲು ಹಳೇ ಪ್ರಶ್ನೆಪತ್ರಿಕೆ ಹುಡುಕಿ

ನಮ್ಮ ಮನೆಯಲ್ಲಿ ಎರಡು ಡ್ರಾಪ್ ಆಗಿವೆ. ಡ್ರಾಪ್ ಅಂದರೆ ಪಿಯುಸಿ ಆದ ಮೇಲೆ ಯಾವ ಕೋರ್ಸಿಗೂ ಸೇರದೆ, ಪ್ರವೇಶ ಪರೀಕ್ಷೆ ಮತ್ತೆ ಬರೆಯಲು ಒಂದು ವರ್ಷ ಕೂರುವುದು. ಮೊದಲನೆಯದು ನನ್ನದು, ಎರಡನೆಯದು ತಮ್ಮನದು. ನನ್ನದು ದಂಡವಾಯಿತು, ಅವನದು ಕೈ ಹಿಡಿಯಿತು. ಅವನು ನನಗಿಂತ ಬುದ್ಧಿವಂತ ಅಂತಲ್ಲ (ಅವನು ಹಾಗೆ ಹೇಳಿಕೊಳ್ಳುತ್ತಾನೆ, ಬಿಡಿ). ನಾನು ಅಳುತ್ತಾ ತೀರ್ಮಾನ ಮಾಡಿದೆ, ಅವನು ಪೆನ್ಸಿಲ್ ಹಿಡಿದು ಮಾಡಿದ. ಈಗ ತಿಪಟೂರಿನ ಕಡೆಯ ನೆಂಟರೆಲ್ಲ ರಿಸಲ್ಟ್ ಬಂದ ಕೂಡಲೇ ಫೋನ್ ಮಾಡಿ, 'ನಮ್ಮ ಹುಡುಗಿ ಒಂದು ವರ್ಷ ಕೂತು ಓದಲಾ, ಸಿಕ್ಕಿದ್ದಕ್ಕೆ ಸೇರಲಾ' ಅಂತ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ರಿಸಲ್ಟ್ ಬಂದ ವಾರ ಏನೂ ತೀರ್ಮಾನ ಬೇಡ. 2022ರ ನೀಟ್ (ಮೆಡಿಕಲ್ ಪ್ರವೇಶ ಪರೀಕ್ಷೆ) ಫಲಿತಾಂಶ ಸೆಪ್ಟೆಂಬರ್ 7ರ ರಾತ್ರಿ ಬಂತು. ನನಗೆ 720ಕ್ಕೆ 441. ಮಾರನೇ ದಿನ ಬೆಳಿಗ್ಗೆ ತಿಂಡಿಗೆ ಮೊದಲೇ 'ಲಾಂಗ್ ಟರ್ಮ್‌ಗೆ ಹೋಗ್ತೀನಿ' ಅಂತ ಅಪ್ಪನಿಗೆ ಹೇಳಿಬಿಟ್ಟೆ. ಡ್ರಾಪ್ ಮಾಡಿದವರಿಗೆ ನಡೆಸುವ ಕೋಚಿಂಗಿಗೆ ಹಾಗನ್ನುತ್ತಾರೆ. ಅಪ್ಪ ಬೇಡ ಅನ್ನಲಿಲ್ಲ. ಆ ವರ್ಷ ಕೊಬ್ಬರಿ ರೇಟು ಬಿದ್ದಿತ್ತು. ಕೋಚಿಂಗ್, ಹಾಸ್ಟೆಲ್ ಸೇರಿ ಒಂದೂವರೆ ಲಕ್ಷ. ಹೇಗೆ ಹೊಂದಿಸಿದರು ಅಂತ ನಾನು ಕೇಳಲೂ ಇಲ್ಲ.

ಕ್ಯಾಲೆಂಡರನ್ನೂ ನೋಡಲಿಲ್ಲ. 'ಒಂದು ವರ್ಷ' ಅಂದುಕೊಂಡಿದ್ದೆ. ಮುಂದಿನ ನೀಟ್ 2023ರ ಮೇ 7ಕ್ಕೆ. ಸೆಪ್ಟೆಂಬರ್‌ನಿಂದ ಎಣಿಸಿದರೆ ಬರೀ ಎಂಟು ತಿಂಗಳು. ನಾನು ಹಾಸ್ಟೆಲ್ ಸೇರುವಷ್ಟರಲ್ಲಿ ದಸರಾ ಮುಗಿದಿತ್ತು. ಈಗ ಫಲಿತಾಂಶ ಜೂನ್‌ನಲ್ಲಿ ಬರುತ್ತಿರುವುದರಿಂದ ಸ್ವಲ್ಪ ಜಾಸ್ತಿ ಸಿಗುತ್ತದೆ. ಆದರೂ ಹಬ್ಬ, ಜ್ವರ, ಊರಿನ ಮದುವೆ ಕಳೆದು ಎಷ್ಟು ದಿನ ಉಳಿಯುತ್ತದೆ ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಕೊನೆಯ ಎರಡು ತಿಂಗಳು ಪೂರ್ತಿ ಟೆಸ್ಟು, ರಿವಿಷನ್ನಿಗೆ ಹೋಗುತ್ತದೆ. ಹೊಸದು ಕಲಿಯಲು ಸಿಗುವುದು ಅದರ ಹಿಂದಿನ ದಿನಗಳು ಮಾತ್ರ.

ಇನ್ನು ಮುಖ್ಯವಾದ ಕೆಲಸ. ನೀಟ್ ಮುಗಿದ ಮೇಲೆ ಪ್ರಶ್ನೆಪತ್ರಿಕೆ ಮನೆಗೆ ತರಬಹುದು. ನೀವು ಉತ್ತರ ಗುರುತಿಸಿದ ಓಎಂಆರ್ ಹಾಳೆಯ ಪ್ರತಿ, ಕೀ ಉತ್ತರ ಎರಡನ್ನೂ ಪರೀಕ್ಷೆ ನಡೆಸುವ ಎನ್‌ಟಿಎ ಕೊಡುತ್ತದೆ. ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ಕೂರಿ. ತಪ್ಪಾದ ಪ್ರತಿ ಪ್ರಶ್ನೆಯ ಪಕ್ಕ ಮೂರರಲ್ಲಿ ಒಂದು ಗುರುತು ಹಾಕಿ. ಗೊತ್ತಿದ್ದೂ ತಪ್ಪಿದ್ದಕ್ಕೆ 'ಗೊ'. ಆ ಪಾಠವನ್ನೇ ಓದದೆ ತಪ್ಪಿದ್ದಕ್ಕೆ 'ಓ'. ಓದಿದ್ದೆ, ಆದರೂ ತಲೆಗೆ ಹತ್ತಲಿಲ್ಲ, ಸುಮ್ನೆ ಒಂದು ಗುಳ್ಳೆ ತುಂಬಿದೆ ಅನ್ನುವುದಕ್ಕೆ 'ಸು'.

2024ರ ಜೂನ್ 4ರಂದು ತಮ್ಮನ ಫಲಿತಾಂಶ ಬಂತು. ಅವತ್ತೇ ಲೋಕಸಭೆ ಎಣಿಕೆ. ಮನೆಯವರೆಲ್ಲ ಟಿವಿ ಮುಂದೆ ಇದ್ದರು, ಇವನು ಒಳಗೆ ಬಾಗಿಲು ಹಾಕಿಕೊಂಡಿದ್ದ. 508. ಹತ್ತು ದಿನ ಕಳೆದ ಮೇಲೆ ಜಗುಲಿಯಲ್ಲಿ ಅವನನ್ನು ಕೂರಿಸಿ ಗುರುತು ಹಾಕಿಸಿದೆ. ತಪ್ಪು ಒಟ್ಟು 36. ಅದರಲ್ಲಿ 'ಗೊ' 17, 'ಓ' 11, 'ಸು' 8. ಹನ್ನೊಂದು 'ಓ'ಗಳಲ್ಲಿ ಹೆಚ್ಚಿನವು ಆರ್ಗ್ಯಾನಿಕ್ ಕೆಮಿಸ್ಟ್ರಿ. ಕಾಲೇಜಿನಲ್ಲಿ ಆ ಭಾಗ ಫೆಬ್ರವರಿಯಲ್ಲಿ ಓಡಿಸಿ ಮುಗಿಸಿದ್ದರು. ಲೆಕ್ಕ ನೋಡಿ. ಸರಿ ಉತ್ತರಕ್ಕೆ 4, ತಪ್ಪಿಗೆ ಮೈನಸ್ 1. ಹಾಗಾಗಿ ಒಂದು 'ಗೊ' ಸರಿಯಾದರೆ 5 ಅಂಕದ ವ್ಯತ್ಯಾಸ. ಹದಿನೇಳಕ್ಕೆ 85. ಅಷ್ಟೂ ಬರುವುದಿಲ್ಲ ಅನ್ನಿ, ಅರ್ಧ ಬಂದರೂ ಸಾಕಲ್ವಾ? ಇಂಥ ಪತ್ರಿಕೆ ಕೈಯಲ್ಲಿದ್ದರೆ ಡ್ರಾಪ್ ಬಗ್ಗೆ ಧೈರ್ಯವಾಗಿ ಯೋಚಿಸಬಹುದು.

ಅವನದು ಮುಗಿದ ಮೇಲೆ ನನ್ನ 2022ರ ಪತ್ರಿಕೆಯನ್ನು ಅಟ್ಟದ ಟ್ರಂಕಿನಿಂದ ತೆಗೆದೆ. ಎರಡು ವರ್ಷ ತಡವಾಗಿ ಅದೇ ಗುರುತು ಹಾಕಿದೆ. ತಪ್ಪು 35, 'ಗೊ' ಬರೀ 5. ಮಿಕ್ಕಿದ್ದರಲ್ಲಿ ಮುಕ್ಕಾಲು ಪಾಲು 'ಸು'. ಫಿಸಿಕ್ಸ್‌ನಲ್ಲಿ 45ರಲ್ಲಿ 16 ಪ್ರಶ್ನೆ ಮುಟ್ಟಿಯೇ ಇರಲಿಲ್ಲ. ಅಂದರೆ ನನ್ನ ಕಷ್ಟ ಮೊದಲ ಪಿಯುಸಿಯಿಂದಲೇ ಬಂದದ್ದು. ವೆಕ್ಟರ್ ಸರಿಯಾಗಿ ಬಾರದವಳು ಎಂಟು ತಿಂಗಳಲ್ಲಿ ರೊಟೇಷನ್ ಎಲ್ಲಿಂದ ಕಲಿಯಬೇಕು? ಡ್ರಾಪ್ ವರ್ಷದಲ್ಲಿ ನಾನು ಮಾಡಿದ್ದು ಇನ್ನೂ ಚೆನ್ನ. ಬೇಜಾರಾದಾಗಲೆಲ್ಲ ಬಯಾಲಜಿ ಪುಸ್ತಕ ತೆಗೆಯುತ್ತಿದ್ದೆ. ಬರುವುದನ್ನೇ ಮತ್ತೆ ಓದಿದರೆ ಓದಿದ ಸಮಾಧಾನ ಸಿಗುತ್ತದೆ. 2023ರಲ್ಲಿ ಬಯಾಲಜಿ 268ರಿಂದ 291 ಆಯಿತು, ಕೆಮಿಸ್ಟ್ರಿ 102ರಿಂದ 114. ಫಿಸಿಕ್ಸ್ 71 ಇದ್ದದ್ದು 69ಕ್ಕೆ ಇಳಿಯಿತು. ಒಂದೂವರೆ ಲಕ್ಷಕ್ಕೆ 33 ಅಂಕ.

ಅದಕ್ಕೇ ದುಡ್ಡು ಕಟ್ಟುವ ಮೊದಲು ಹದಿನೈದು ದಿನದ ಪರೀಕ್ಷೆ ನೀವೇ ಮಾಡಿಕೊಳ್ಳಿ. ನಿಮಗೆ ಅತಿ ಹೆಚ್ಚು ಬೇಸರದ ವಿಷಯ ತೆಗೆದುಕೊಳ್ಳಿ, ಅದರಲ್ಲಿ ಒಂದೇ ಪಾಠ. ದಿನಕ್ಕೆ ಆರು ಗಂಟೆ, ಮನೆಯಲ್ಲೇ, ಯಾರೂ ಹೇಳದೆ. ಫೋನ್ ಅಮ್ಮನ ಹತ್ತಿರ ಇರಲಿ. ತಮ್ಮ ರೊಟೇಷನಲ್ ಮೋಷನ್ ಹಿಡಿದ. ನಾಲ್ಕನೇ ದಿನ ಪುಸ್ತಕ ಎಸೆದ, ಐದನೇ ದಿನ ತಾನೇ ಎತ್ತಿಕೊಂಡ. ಹದಿನೈದನೇ ದಿನ ಹಳೇ ಪ್ರಶ್ನೆ 20 ಕೊಟ್ಟೆ, 13 ಸರಿ ಮಾಡಿದ. ನಾನಾಗಿದ್ದರೆ ನಾಲ್ಕನೇ ದಿನಕ್ಕೇ ನಿಲ್ಲಿಸುತ್ತಿದ್ದೆ. ಆಗ ಅಪ್ಪನ ದುಡ್ಡಾದರೂ ಉಳಿಯುತ್ತಿತ್ತು.

ಹಳೇ ವರ್ಷದ ಅಂಕಕ್ಕೆ ನಿಮ್ಮ ಅಂಕ ಹೋಲಿಸಬೇಡಿ. 2024ರ ಮೊದಲ ಫಲಿತಾಂಶದಲ್ಲಿ 67 ಮಂದಿಗೆ 720ಕ್ಕೆ 720. ಮರುವರ್ಷ ಫಿಸಿಕ್ಸ್ ಎಷ್ಟು ಕಠಿಣವಿತ್ತೆಂದರೆ ದೇಶಕ್ಕೇ ಮೊದಲು ಬಂದವರ ಅಂಕ 686. ತಮ್ಮನಿಗೆ 2025ರಲ್ಲಿ ಬಂದದ್ದು 501, ಹಿಂದಿನ ಸಲಕ್ಕಿಂತ 7 ಕಡಿಮೆ. ಅಮ್ಮ ಅಳಲು ಶುರು ಮಾಡಿದರು. ರ‍್ಯಾಂಕ್ ನೋಡಿದರೆ ಎರಡು ಲಕ್ಷದ ಆಚೆ ಇದ್ದದ್ದು ಐವತ್ತು ಸಾವಿರದ ಆಸುಪಾಸಿಗೆ ಬಂದಿತ್ತು. ಎಂಬಿಬಿಎಸ್ ಸೀಟು ಸಿಕ್ಕಿತು. ರಾಜ್ಯದಲ್ಲಿ ಸೀಟು ಹಂಚುವ ಕೆಇಎ ಪ್ರಕಟಿಸುವ ಹಿಂದಿನ ವರ್ಷಗಳ ಕಟ್‌ಆಫ್ ಪಟ್ಟಿಯಲ್ಲಿ ನಿಮ್ಮ ಕಾಲಂ ಹುಡುಕಿ ರ‍್ಯಾಂಕ್ ನೋಡಿ. 3ಬಿ ಮೀಸಲಾತಿ ವರ್ಗದವರಿಗೆ 3ಬಿಜಿ, 3ಬಿಆರ್, 3ಬಿಕೆ ಅಂತೆಲ್ಲ ಇರುತ್ತದೆ. ಕೊನೆಯ ಅಕ್ಷರ ಆರ್ ಅಂದರೆ ಗ್ರಾಮೀಣ, ಕೆ ಅಂದರೆ ಕನ್ನಡ ಮಾಧ್ಯಮ. ಒಂದರಿಂದ ಹತ್ತನೇ ತರಗತಿವರೆಗೆ ಹಾಗೆ ಓದಿದವರಿಗೆ ಅದು ದೊಡ್ಡ ಅನುಕೂಲ. ಎಷ್ಟೋ ಜನ ಜಿಎಂ (ಸಾಮಾನ್ಯ ವರ್ಗ) ಕಾಲಂ ಮಾತ್ರ ನೋಡಿ ಡ್ರಾಪ್‌ಗೆ ಹೊರಟಿರುತ್ತಾರೆ.

ನಿಯಮಗಳೂ ಒಂದೊಂದಕ್ಕೆ ಒಂದೊಂದು. ನೀಟ್ ಎಷ್ಟು ಸಲ ಬೇಕಾದರೂ ಬರೆಯಬಹುದು, ಗರಿಷ್ಠ ವಯಸ್ಸಿನ ಮಿತಿ ಇಲ್ಲ. ಎಂಜಿನಿಯರಿಂಗಿಗೆ ಬರೆಯುವ ಜೆಇಇ ಮೇನ್ ಪಿಯುಸಿ ಮುಗಿಸಿದ ವರ್ಷ ಸೇರಿ ಸತತ ಮೂರು ವರ್ಷ. ಅಡ್ವಾನ್ಸ್‌ಡ್ (ಐಐಟಿಗೆ ಬೇಕಾದದ್ದು) ಸತತ ಎರಡೇ ವರ್ಷ, ಎರಡೇ ಸಲ. ಹಾಗಾಗಿ ಐಐಟಿ ಕನಸಿಗೆ ಒಂದೇ ಡ್ರಾಪ್. ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ ಸೇರುತ್ತದೆ. ಪಿಯುಸಿಯಲ್ಲಿ ಕಡಿಮೆ ಬಂದಿದ್ದರೆ ಮುಂದಿನ ವರ್ಷ ಸಿಇಟಿ ಎಷ್ಟೇ ಚೆನ್ನಾಗಿ ಬರೆದರೂ ಆ ಅರ್ಧ ಅಲ್ಲೇ ಕೂತಿರುತ್ತದೆ. ಪಿಯುಸಿ ಅಂಕ ಏರಿಸುವುದಕ್ಕೆ ಅಂತ ವರ್ಷ ಬಿಡಬೇಕಿಲ್ಲ. 2024ರಿಂದ ಒಂದೇ ವರ್ಷ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ, ಹೆಚ್ಚು ಬಂದದ್ದನ್ನು ಇಟ್ಟುಕೊಳ್ಳಬಹುದು.

ನಾನು ಮಾಡಿದ ಇನ್ನೊಂದು ದಡ್ಡತನ ಕೌನ್ಸೆಲಿಂಗ್‌ನಲ್ಲಿ. 2022ರಲ್ಲೇ ನನಗೆ ಬಿಎಸ್ಸಿ ಅಗ್ರಿ ಸೀಟು ಬಂದಿತ್ತು. ನಾಲ್ಕನೇ ಚಾಯ್ಸ್ ಒತ್ತಿ ಹೊರಬಂದೆ. ಹಾಗಂದರೆ ಸೀಟೂ ಬೇಡ, ಮುಂದಿನ ಸುತ್ತೂ ಬೇಡ ಅಂತ. ಮೂರನೆಯದು ಒತ್ತಿದ್ದರೆ ಮುಂದಿನ ಸುತ್ತಿನಲ್ಲಾದರೂ ಇರುತ್ತಿದ್ದೆ. 2023ರಲ್ಲಿ ನೀಟ್ ಆದ ಎರಡೇ ವಾರಕ್ಕೆ ಬೇಸರದಲ್ಲೇ ಸಿಇಟಿ ಬರೆದೆ. ಪುಣ್ಯಕ್ಕೆ ಅದೇ ಅಗ್ರಿ ಸೀಟು ಮತ್ತೆ ಸಿಕ್ಕಿತು. ಈಗ ಅಲ್ಲೇ ಓದುತ್ತಿದ್ದೇನೆ, ಮಣ್ಣು, ಬೀಜ ಎಲ್ಲ ಇಷ್ಟವಾಗಿದೆ. ಆದರೆ ಪಿಯುಸಿಯಲ್ಲಿ ಪಕ್ಕದ ಬೆಂಚಿನಲ್ಲಿದ್ದವಳು ಮೊದಲ ದಿನ ಸೀನಿಯರ್ ಆಗಿ ಎದುರಿಗೆ ನಿಂತಿದ್ದಳು. 'ಅಕ್ಕಾ ಅನ್ನು' ಅಂದಳು. ಅಂದೆ. ನೀವು ಡ್ರಾಪ್ ಮಾಡುವುದೇ ಆದರೂ ಸಿಇಟಿ ಬಿಡಬೇಡಿ. ಆಪ್ಷನ್ ಎಂಟ್ರಿಯಲ್ಲಿ ನಿಜವಾಗಿ ಸೇರಲು ಒಪ್ಪುವ ಎರಡು ಮೂರು ಕೋರ್ಸಾದರೂ ಹಾಕಿ. ಸೀಟು ಕೈಯಲ್ಲಿ ಹಿಡಿದು ನೋಡಿದಾಗ ಮನಸ್ಸು ಬೇರೆಯೇ ಹೇಳಬಹುದು. ಸೇರಿ ಆಮೇಲೆ ಬಿಡುವ ಯೋಚನೆ ಇದ್ದರೆ ಟಿಸಿ, ಮೂಲ ದಾಖಲೆ, ಫೀಸು ಯಾವಾಗ ವಾಪಸ್ ಕೊಡುತ್ತಾರೆ ಅಂತ ಸೇರುವ ಮೊದಲೇ ಬರೆಸಿಕೊಳ್ಳಿ.

ಹಾಸ್ಟೆಲ್ಲೋ ಮನೆಯೋ ಅನ್ನುವುದು ನಿಮ್ಮ ಮನೆ ಹೇಗಿದೆ ಅನ್ನುವುದರ ಮೇಲೆ. ತಮ್ಮ ಮನೆಯಲ್ಲೇ ಇದ್ದು ವಾರಕ್ಕೊಂದು ಟೆಸ್ಟ್ ಬರೆಯಲು ತುಮಕೂರಿಗೆ ರೈಲಿನಲ್ಲಿ ಹೋಗಿ ಬರುತ್ತಿದ್ದ. ನನಗೆ ಹಾಸ್ಟೆಲಿನಲ್ಲಿ ಓದಿಗಿಂತ ಭಾನುವಾರ ಕಷ್ಟವಾಗುತ್ತಿತ್ತು. ಮಧ್ಯಾಹ್ನ ಊಟ ಆದ ಮೇಲೆ ಗೆಳತಿಯರ ಕಾಲೇಜಿನ ಫೋಟೋ ನೋಡುತ್ತಾ ಕೂತರೆ ಸಂಜೆಯಾಗುತ್ತಿತ್ತು. ಜನವರಿಯಲ್ಲಿ ಎರಡು ವಾರ ಸರಿಯಾಗಿ ನಿದ್ದೆಯೇ ಬರಲಿಲ್ಲ, ಯಾರಿಗೂ ಹೇಳಲಿಲ್ಲ. ಹೇಳಿಕೊಳ್ಳಲು ಒಬ್ಬರಾದರೂ ಇದ್ದಾರಾ ಅಂತ ಮೊದಲೇ ನೋಡಿಕೊಳ್ಳಿ. ಅವರು ನಿಮ್ಮ ಮಾರ್ಕ್ಸ್ ಕೇಳದವರಾಗಿದ್ದರೆ ಒಳ್ಳೆಯದು. ಮನೆಯವರ ಜೊತೆಗೂ ಆಗಲೇ ಮಾತಾಡಿ. ಎಷ್ಟು ದುಡ್ಡು, ಯಾವ ದಿನದವರೆಗೆ, ಆಗದಿದ್ದರೆ ಯಾವ ಕೋರ್ಸು, ಮೂರನ್ನೂ. ತಮ್ಮ ಒಂದು ಹಾಳೆಯಲ್ಲಿ ಬರೆದು ಅಪ್ಪನಿಗೆ ಕೊಟ್ಟಿದ್ದ. ಅಪ್ಪ ಅದನ್ನು ಎಪಿಎಂಸಿ ಚೀಟಿಗಳ ಜೊತೆ ಅದೇ ಕ್ಲಿಪ್ಪಿಗೆ ಸಿಕ್ಕಿಸಿದ್ದರು.

ಎರಡನೇ ಡ್ರಾಪ್ ಬಗ್ಗೆ ಕೇಳುವವರೂ ಇದ್ದಾರೆ. ಎರಡೂ ವರ್ಷದ ಪತ್ರಿಕೆ ತನ್ನಿ ಅನ್ನುತ್ತೇನೆ. ಮೊದಲ ಸಲ 'ಸು' ಹಾಕಿದ್ದ ಪಾಠಗಳೇ ಎರಡನೇ ಸಲವೂ 'ಸು' ಆಗಿದ್ದರೆ ಬೇಡ. ನನ್ನ ಎರಡು ಪತ್ರಿಕೆಯಲ್ಲೂ ರೊಟೇಷನ್ ಪಕ್ಕ ಅದೇ ಗುರುತಿತ್ತು.