ದುರಸ್ತಿ ಮಾಡಿಸದೆ ಹಳೆಯ ಮನೆ ಮಾರುವ ಬಗೆ

ಹುಬ್ಬಳ್ಳಿ-ಧಾರವಾಡದ ಹಳೆಯ ಓಣಿಗಳಲ್ಲಿ ಮಣ್ಣಿನ ಗೋಡೆಯ ಮಾಳಿಗೆ ಮನೆ ಕೊಳ್ಳುವವರಲ್ಲಿ ಅನೇಕರು ಅದನ್ನು ಕೆಡವಿ ಹೊಸದಾಗಿ ಕಟ್ಟುವ ಎಣಿಕೆಯಲ್ಲೇ ಬರುವುದರಿಂದ, ಮಾರಾಟಕ್ಕೆಂದೇ ಪ್ಲಾಸ್ಟರು, ಬಣ್ಣಗಳಿಗೆ ಹಣ ಸುರಿಯುವುದು ವ್ಯರ್ಥವೆಂದೇ ನನ್ನ ಅಭಿಪ್ರಾಯ. ಬೆಲೆ ಕಟ್ಟುವಾಗ ಜಾಗದ ಅಳತೆ ಹಾಗೂ ರಸ್ತೆಯ ಅಗಲವನ್ನು ಮೊದಲು ನೋಡಿರಿ. ಸಾಗವಾನಿ ತೊಲೆ, ಬಾಗಿಲುಗಳಿದ್ದರೆ ಅವುಗಳ ಬೆಲೆಯನ್ನು ಪ್ರತ್ಯೇಕವಾಗಿ ಹಿಡಿಯಿರಿ.

ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವುದರಿಂದ ಅಡಿಪಾಯ ಅಲುಗಿ ಗೋಡೆ ಬಿರಿದಿದ್ದರೆ, ಅದನ್ನು ಸುಣ್ಣ ಬಳಿದು ಮುಚ್ಚಬೇಡಿರಿ. ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ, ಆದರೆ ಮಾರುವವರಿಗೆ ತಿಳಿದಿರುವ ಮುಖ್ಯ ದೋಷಗಳನ್ನು ತಿಳಿಸಬೇಕೆಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಹೇಳುತ್ತದೆ. ಆದ್ದರಿಂದ ಸೋರುವ ಮಾಳಿಗೆ, ಗೆದ್ದಲು ಹಿಡಿದ ಜಂತಿ, ಕಟ್ಟಿಕೊಂಡ ಚರಂಡಿ ಇವೆಲ್ಲವನ್ನೂ ಫೋಟೋ ಸಮೇತ ತೋರಿಸಿ, ಇದ್ದ ಸ್ಥಿತಿಯಲ್ಲೇ ಒಪ್ಪಿ ಕೊಳ್ಳಲಾಗಿದೆ ಎಂಬುದನ್ನು ಆ ದೋಷಗಳ ಪಟ್ಟಿಯೊಂದಿಗೆ ಕರಾರುಪತ್ರದಲ್ಲಿ ಬರೆಸಿರಿ.

ಗೋಡೆಗಿಂತ ಕಾಗದಪತ್ರಗಳ ದುರಸ್ತಿಯೇ ಮುಖ್ಯ. ಸಿಟಿ ಸರ್ವೆ ಉತಾರದಲ್ಲಿ (ನಗರದ ಜಾಗದ ಅಳತೆ, ಮಾಲೀಕರ ಹೆಸರು ತೋರಿಸುವ ಸರ್ಕಾರಿ ದಾಖಲೆ) ಇನ್ನೂ ಅಜ್ಜನ ಹೆಸರಿದ್ದರೆ ವಾರಸುದಾರರೆಲ್ಲರ ಹೆಸರು ದಾಖಲಿಸಿ, ಅವರೆಲ್ಲರ ಸಹಿಗೆ ಒಪ್ಪಿಗೆ ಪಡೆಯಿರಿ. ಮಹಾನಗರ ಪಾಲಿಕೆಯ ಇ-ಖಾತೆ, ತೆರಿಗೆ ರಸೀದಿ ಹಾಗೂ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ದೊರೆಯುವ ಋಣಭಾರ ಪ್ರಮಾಣಪತ್ರವನ್ನು (ಆಸ್ತಿಯ ಮೇಲೆ ನೋಂದಣಿಯಾದ ಅಡಮಾನ, ಮಾರಾಟಗಳನ್ನು ತೋರಿಸುವ ಪತ್ರ) ಮೊದಲೇ ಸಿದ್ಧವಾಗಿಡಿ.

ಮನೆ ಹಳತೆಂದು ಬೆಲೆಯನ್ನು ತೀರಾ ಇಳಿಸುವ ಮುನ್ನ ಸರ್ಕಾರದ ಮಾರ್ಗಸೂಚಿ ದರವನ್ನು, ಅಂದರೆ ಮುದ್ರಾಂಕ ಶುಲ್ಕದ ಲೆಕ್ಕಕ್ಕೆ ಸರ್ಕಾರ ಗೊತ್ತುಪಡಿಸಿದ ದರವನ್ನು, ನೋಡಿಕೊಳ್ಳಿರಿ. ಮುದ್ರಾಂಕ ಶುಲ್ಕಕ್ಕೆ ಹಿಡಿಯುವ ಮೌಲ್ಯವು ಮಾರಾಟದ ಬೆಲೆಗಿಂತ ಶೇ 10ಕ್ಕೂ ಮೀರಿ ಹೆಚ್ಚಿದ್ದರೆ, ಆದಾಯ ತೆರಿಗೆಯವರು ಬಂಡವಾಳ ಲಾಭವನ್ನು (ಆಸ್ತಿ ಮಾರಿ ಬಂದ ಲಾಭ) ಆ ಮೌಲ್ಯದ ಮೇಲೆಯೇ ಲೆಕ್ಕ ಹಾಕುತ್ತಾರೆ.