ಹೆಸರಲ್ಲ, ಬಿಲ್ಡ್ ನಂಬರ್: ಕಂಪ್ಯೂಟರ್ ಪಟ್ಟಿಯಲ್ಲಿ ವಿಂಡೋಸ್ ಆವೃತ್ತಿ ಸರಿಮಾಡಿದ ಬಗೆ

ಲ್ಯಾಪ್‌ಟಾಪ್ ಒಂದೇ. ಎಲ್ಲ ಕಂಪ್ಯೂಟರ್‌ಗಳ ವಿವರ ಒಂದೆಡೆ ತೋರಿಸುವ ಡಿವೈಸ್ ಮ್ಯಾನೇಜ್‌ಮೆಂಟ್ ಕನ್ಸೋಲ್‌ನ ಒಂದು ರಿಪೋರ್ಟ್ ಅದನ್ನು ‘ವಿಂಡೋಸ್ 10 ಪ್ರೊ’ ಅನ್ನುತ್ತದೆ, ಇನ್ನೊಂದು ‘10.0.22631’ ಅನ್ನುತ್ತದೆ, ಎದುರು ಕೂತು ನೋಡಿದರೆ ಪರದೆಯ ಮೇಲೆ ವಿಂಡೋಸ್ 11. ಹಾಸನದಲ್ಲಿ ಒಂದು ಕಾಫಿ ಕ್ಯೂರಿಂಗ್ ಘಟಕದ ಕಚೇರಿ, ಜೊತೆಗೆ ಸಕಲೇಶಪುರ, ಮೂಡಿಗೆರೆ, ಬಾಳೆಹೊನ್ನೂರು ಕಡೆಯ ಡಿಪೋ ಮತ್ತು ಎಸ್ಟೇಟ್ ಆಫೀಸುಗಳ ಕಂಪ್ಯೂಟರ್‌ಗಳು ನಮ್ಮ ಸುಪರ್ದಿಯಲ್ಲಿವೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ. ಯಾವುದನ್ನು ಬದಲಿಸಬೇಕು, ಯಾವುದಕ್ಕೆ ದುಡ್ಡು ಕೊಟ್ಟು ಭದ್ರತಾ ಅಪ್‌ಡೇಟ್ ಮುಂದುವರಿಸಬೇಕು ಎನ್ನುವ ಲೆಕ್ಕವೆಲ್ಲ ಪಟ್ಟಿಯ ವಿಂಡೋಸ್ ಆವೃತ್ತಿ ಎಂಬ ಈ ಒಂದು ಕಾಲಂ ಮೇಲೆ ನಿಂತಿದೆ. ಹಾಗಾಗಿ ಅದು ಸರಿಯಿರಲೇಬೇಕು.

ಮೊದಲು ಹೆಸರಿನ ಗೊಂದಲ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯ ‘ವಿಂಡೋಸ್ ಎನ್‌ಟಿ, ಕರೆಂಟ್ ವರ್ಷನ್’ ಕೀಲಿಯಲ್ಲಿ ‘ಪ್ರಾಡಕ್ಟ್ ನೇಮ್’ ಅಂತ ಒಂದು ಮೌಲ್ಯವಿದೆ. ವಿಂಡೋಸ್ 11 ಹಾಕಿದ ಯಂತ್ರದಲ್ಲೂ ಅಲ್ಲಿ ‘ವಿಂಡೋಸ್ 10’ ಎಂದೇ ಇರುತ್ತದೆ. ಅದನ್ನೇ ಓದುವ ಏಜೆಂಟ್ (ಯಂತ್ರದಲ್ಲಿ ಕೂತು ಕನ್ಸೋಲ್‌ಗೆ ಮಾಹಿತಿ ಕಳಿಸುವ ಪ್ರೋಗ್ರಾಂ) ಜೀವಮಾನವಿಡೀ ತಪ್ಪು ಹೇಳುತ್ತದೆ. ಅದೇ ಕೀಲಿಯ ‘ಕರೆಂಟ್ ವರ್ಷನ್’ ಮೌಲ್ಯ 6.3ರಲ್ಲೇ ನಿಂತಿದೆ, ‘ರಿಲೀಸ್ ಐಡಿ’ 2009ರಲ್ಲಿ ನಿಂತಿದೆ. ಈ 2009 ಇಸವಿಯಲ್ಲ, 2020ರ ಒಂಬತ್ತನೇ ತಿಂಗಳ ಗುರುತು. ಈ ಮೂರನ್ನೂ ಪಟ್ಟಿಯಿಂದ ತೆಗೆದುಬಿಟ್ಟೆವು. ಇನ್ನು, ಯಾವುದಾದರೂ ಹಳೆಯ ಏಜೆಂಟ್ ‘6.2’ ಎಂದು ಕಳಿಸಿದರೆ ಅದನ್ನು ವಿಂಡೋಸ್ 8 ಎಂದು ಓದಬೇಡಿ. ವಿಂಡೋಸ್ 8.1ರಿಂದ ಈಚೆಗೆ, ತನ್ನ ಮ್ಯಾನಿಫೆಸ್ಟ್‌ನಲ್ಲಿ (ಪ್ರೋಗ್ರಾಂ ಜೊತೆಗಿರುವ ವಿವರಪತ್ರ) ಹೊಸ ವಿಂಡೋಸ್ ಗೊತ್ತು ಎಂದು ಬರೆದುಕೊಳ್ಳದ ಪ್ರೋಗ್ರಾಂ ಹಳೆಯ ವಿಧಾನದಲ್ಲಿ ಆವೃತ್ತಿ ಕೇಳಿದರೆ ಸಿಗುವ ಉತ್ತರವೇ ಅದು. ಏಜೆಂಟ್ ಬದಲಿಸುವುದೊಂದೇ ದಾರಿ.

ನಾವು ಇಟ್ಟುಕೊಂಡಿದ್ದು ‘ಕರೆಂಟ್ ಬಿಲ್ಡ್ ನಂಬರ್’ (ವಿಂಡೋಸ್‌ನ ಪ್ರತಿ ಆವೃತ್ತಿಯ ಸಂಖ್ಯೆ), ‘ಯುಬಿಆರ್’ (ಇದರ ವಿವರ ಮುಂದೆ), ‘ಡಿಸ್ಪ್ಲೇ ವರ್ಷನ್’ (22ಎಚ್2 ಅಂದರೆ 2022ರ ಎರಡನೇ ಅರ್ಧದ್ದು), ‘ಎಡಿಷನ್ ಐಡಿ’ (ಪ್ರೊ, ಎಂಟರ್‌ಪ್ರೈಸ್ ಇತ್ಯಾದಿ). ಜೊತೆಗೆ ಡಬ್ಲ್ಯುಎಂಐನಿಂದ (ಯಂತ್ರದ ವಿವರ ಕೇಳಲು ವಿಂಡೋಸ್‌ನಲ್ಲೇ ಇರುವ ಸೌಲಭ್ಯ) ‘ಪ್ರಾಡಕ್ಟ್ ಟೈಪ್’. ವಿಂಡೋಸ್ 10ರ 22ಎಚ್2 ಅಂದರೆ 19045. ವಿಂಡೋಸ್ 11 ಶುರುವಾಗುವುದು 22000ದಿಂದ: 22ಎಚ್2 ಆದರೆ 22621, 23ಎಚ್2 ಆದರೆ 22631, 24ಎಚ್2 ಆದರೆ 26100, 25ಎಚ್2 ಆದರೆ 26200. ‘22000 ಅಥವಾ ಅದಕ್ಕಿಂತ ಮೇಲಿದ್ದರೆ ವಿಂಡೋಸ್ 11’ ಎನ್ನುವ ಸೂತ್ರ ಬಹುಪಾಲು ಸರಿ, ಆದರೆ ಸರ್ವರ್ 2025ರ ಬಿಲ್ಡ್ ಕೂಡ 26100. ಪ್ರಾಡಕ್ಟ್ ಟೈಪ್ 1 ಇದ್ದರೆ ಮಾತ್ರ ಅದು ಮೇಜಿನ ಮೇಲಿನ ಯಂತ್ರ. 2 ಅಥವಾ 3 ಇದ್ದರೆ ಸರ್ವರ್. ಎಡಿಷನ್ ಯಾಕೆ ಬೇಕೆಂದರೆ, 19044 ಇರುವ ಪ್ರೊ ಯಂತ್ರದ ಬೆಂಬಲ 2023ರ ಜೂನ್‌ನಲ್ಲೇ ಮುಗಿದಿದೆ, ಅದೇ 19044 ಇರುವ ಎಂಟರ್‌ಪ್ರೈಸ್ ಎಲ್‌ಟಿಎಸ್‌ಸಿ (ದೀರ್ಘಾವಧಿ ಬೆಂಬಲದ ಎಡಿಷನ್) 2021ಕ್ಕೆ 2027ರ ಜನವರಿವರೆಗೆ ಇದೆ. ತೂಕದ ಸೇತುವೆಯ ಪಕ್ಕದ ಯಂತ್ರದಲ್ಲಿ ಇಂಥ ಎಲ್‌ಟಿಎಸ್‌ಸಿ ಇದ್ದರೆ, ಬರೀ ಬಿಲ್ಡ್ ನೋಡಿ ಅದನ್ನು ಗುಜರಿಗೆ ಹಾಕುವುದು ಅನ್ಯಾಯ.

ಯುಬಿಆರ್ ಎಂದರೆ ಚುಕ್ಕೆಯ ನಂತರದ ಕೊನೆಯ ಸಂಖ್ಯೆ, ತಿಂಗಳ ಪ್ಯಾಚ್ ಎಲ್ಲಿಗೆ ಬಂದಿದೆ ಎಂಬುದರ ಅಳತೆ. ಇಲ್ಲಿ ಎರಡು ಕಡೆ ಎಡವಟ್ಟಾಗುತ್ತದೆ. ರಿಜಿಸ್ಟ್ರಿಯನ್ನು ಕಮಾಂಡ್ ಸಾಲಿನಿಂದ ಓದಿದರೆ ಇದು ಹೆಕ್ಸಾಡೆಸಿಮಲ್‌ನಲ್ಲಿ (16ರ ಆಧಾರದ ಸಂಖ್ಯಾಪದ್ಧತಿ) ಬರುತ್ತದೆ: 3930 ಇರಬೇಕಾದಲ್ಲಿ ‘0ಎಕ್ಸ್‌ಎಫ್5ಎ’. ಸ್ಕ್ರಿಪ್ಟ್‌ನಲ್ಲೇ ದಶಮಾಂಶಕ್ಕೆ ತಿರುಗಿಸಿ. ಎರಡನೆಯದು ಎಕ್ಸೆಲ್. ಟೂಲ್‌ನಿಂದ ‘19045.3930’ ಎಂದು ಬಂದ ಸಿಎಸ್‌ವಿಯನ್ನು (ಅಲ್ಪವಿರಾಮದಿಂದ ಬೇರ್ಪಡಿಸಿದ ಪಟ್ಟಿಯ ಫೈಲ್) ಡಬಲ್ ಕ್ಲಿಕ್ ಮಾಡಿ ತೆರೆದರೆ ಎಕ್ಸೆಲ್ ಅದನ್ನು ದಶಮಾಂಶ ಸಂಖ್ಯೆ ಎಂದುಕೊಂಡು ಕೊನೆಯ ಸೊನ್ನೆ ನುಂಗಿ ‘19045.393’ ಮಾಡುತ್ತದೆ. 2024ರ ಜನವರಿಯ ಪ್ಯಾಚ್ ಹಾಕಿಸಿಕೊಂಡ ಯಂತ್ರ ಒಂದೂ ಪ್ಯಾಚ್ ಕಾಣದ ಯಂತ್ರದಂತೆ ಕೆಂಪು ಪಟ್ಟಿಗೆ ಬೀಳುತ್ತದೆ. ಇದನ್ನು ಕಂಡುಹಿಡಿಯುವುದು ಕಷ್ಟ, ಯಾಕೆಂದರೆ ಸೊನ್ನೆಯಲ್ಲಿ ಕೊನೆಯಾಗುವ ಸಂಖ್ಯೆಗಳಿಗೆ ಮಾತ್ರ ಹೀಗಾಗುತ್ತದೆ. ಫೈಲನ್ನು ‘ಡೇಟಾ’ ಟ್ಯಾಬ್‌ನಿಂದ ಇಂಪೋರ್ಟ್ ಮಾಡಿ, ಆ ಕಾಲಂ ‘ಟೆಕ್ಸ್ಟ್’ ಎಂದು ಮೊದಲೇ ಹೇಳಿ, ಆಮೇಲೆ ಚುಕ್ಕೆಯಲ್ಲಿ ಕತ್ತರಿಸಿ ಬೇರೆ ಬೇರೆ ಕಾಲಂ ಮಾಡಿ. ಕತ್ತರಿಸದೆ ಟೆಕ್ಸ್ಟ್ ಆಗಿಯೇ ವಿಂಗಡಿಸಿದರೆ 998 ಎನ್ನುವುದು 3930ಕ್ಕಿಂತ ದೊಡ್ಡದಾಗಿ ಮೇಲೆ ಕೂರುತ್ತದೆ. ಪವರ್‌ಶೆಲ್‌ನಲ್ಲಿ ಹೋಲಿಸುವವರು ‘ವರ್ಷನ್’ ಟೈಪ್‌ಗೆ ಬದಲಿಸಿ ಹೋಲಿಸಿದರೆ ಈ ತಾಪತ್ರಯವಿಲ್ಲ.

ಫೀಲ್ಡ್ ಸ್ಟಾಫ್ ಕೈಯಲ್ಲಿರುವ ಆಂಡ್ರಾಯ್ಡ್ ಫೋನ್‌ಗಳಲ್ಲೂ ಇದೇ ಕಥೆ: 14, 14.0, 14.0.0 ಮೂರೂ ಒಂದೇ. ಟೆಕ್ಸ್ಟ್ ಆಗಿ ಹೋಲಿಸಿದರೆ 9 ಎನ್ನುವುದು 10ಕ್ಕಿಂತ ಹೊಸದು. ಅಲ್ಲಿ ಸೆಕ್ಯುರಿಟಿ ಪ್ಯಾಚ್ ತಾರೀಕಿನ ಕಾಲಂ ಸೇರಿಸಿಕೊಂಡರೆ ಸಾಕು.

ಸಂಖ್ಯೆ ಸರಿಯಿದ್ದರೂ ಹಳತಾಗಿರಬಹುದು. ಮೈಕ್ರೋಸಾಫ್ಟ್‌ನ ಯಂತ್ರ ನಿರ್ವಹಣಾ ಟೂಲ್ ಕಾನ್ಫಿಗರೇಷನ್ ಮ್ಯಾನೇಜರ್ ಡೀಫಾಲ್ಟ್ ಆಗಿ 7 ದಿನಕ್ಕೊಮ್ಮೆ ಹಾರ್ಡ್‌ವೇರ್ ಇನ್ವೆಂಟರಿ ತೆಗೆದುಕೊಳ್ಳುತ್ತದೆ. ಅದೇ ಕಂಪನಿಯ ಕ್ಲೌಡ್ ಟೂಲ್ ಇನ್‌ಟ್ಯೂನ್‌ಗೆ ಸೇರಿದ ಯಂತ್ರ ಸುಮಾರು 8 ಗಂಟೆಗೊಮ್ಮೆ ಚೆಕ್-ಇನ್ ಮಾಡುತ್ತದೆ, ಅಂದರೆ ಅದನ್ನು ಸಂಪರ್ಕಿಸುತ್ತದೆ. ಎರಡೂ ಇರುವ ಕಡೆ ಎರಡು ಪರದೆಗಳು ಒಂದು ವಾರದವರೆಗೂ ಬೇರೆ ಮಾತಾಡುವುದು ಸಹಜ, ಅದು ದೋಷವಲ್ಲ. ಮಲೆನಾಡಿನಲ್ಲಿ ಇದು ಇನ್ನೂ ಹೆಚ್ಚು. ಜೂನ್‌ನಿಂದ ಮಳೆ ಹಿಡಿದರೆ ಕರೆಂಟೂ ಇಲ್ಲ, ಟವರೂ ಇಲ್ಲ. ಆದ್ದರಿಂದ ಆವೃತ್ತಿಯ ಪಕ್ಕದಲ್ಲೇ ಕೊನೆಯ ಚೆಕ್-ಇನ್ ತಾರೀಕು ಇಟ್ಟು, 14 ದಿನ ದಾಟಿದ ಸಾಲುಗಳನ್ನು ‘ಗೊತ್ತಿಲ್ಲ’ ಎಂದೇ ಎಣಿಸುತ್ತೇವೆ. ಹಳೆಯ ಉತ್ತರವನ್ನು ಇಂದಿನದೆಂದು ಎಣಿಸುವುದಕ್ಕಿಂತ ಇದು ಪ್ರಾಮಾಣಿಕ.

ಪ್ಯಾಚ್ ಹಾಕಿ ರಿಸ್ಟಾರ್ಟ್ ಮಾಡದ ಯಂತ್ರ ಇನ್ನೊಂದು ಬಗೆ. ಅಪ್‌ಡೇಟ್ ಇತಿಹಾಸ ಓದುವ ರಿಪೋರ್ಟ್‌ನಲ್ಲಿ ಅದು ‘ಆಗಿದೆ’, ಯುಬಿಆರ್ ಓದುವ ರಿಪೋರ್ಟ್‌ನಲ್ಲಿ ‘ಆಗಿಲ್ಲ’. ಯುಬಿಆರ್ ಹೇಳುವುದೇ ನಿಜ. ದಿನಾ ಸಂಜೆ ಶಟ್‌ಡೌನ್ ಮಾಡುತ್ತೇವಲ್ಲ ಎನ್ನುತ್ತಾರೆ, ಸುಳ್ಳಲ್ಲ. ಆದರೆ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್‌ನಲ್ಲಿ ಕರ್ನಲ್ (ವಿಂಡೋಸ್‌ನ ತಿರುಳು) ಪೂರ್ತಿ ಮುಚ್ಚುವುದಿಲ್ಲ, ಬಾಕಿ ಇರುವ ಅಪ್‌ಡೇಟ್ ಹಾಗೇ ಕೂತಿರಬಹುದು. ‘ರಿಸ್ಟಾರ್ಟ್’ ಒತ್ತಿದರೆ ಮಾತ್ರ ಪೂರ್ತಿ ಮುಚ್ಚಿ ತೆರೆಯುತ್ತದೆ. ‘ಲಾಸ್ಟ್ ಬೂಟ್ ಅಪ್ ಟೈಮ್’ ಕಾಲಂ ಸೇರಿಸಿದರೆ ಇಂಥವು ತಾವಾಗಿ ಎದ್ದು ಕಾಣುತ್ತವೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ತಿಂದದ್ದು, ಬೆಳಿಗ್ಗೆ 19045, ಮಧ್ಯಾಹ್ನ 22631, ಮತ್ತೆ 19045 ಎಂದು ಓಲಾಡುವ ಸಾಲುಗಳು. ಅಂಗಡಿಯಲ್ಲಿ ಜೋಡಿಸಿದ ಅಸೆಂಬಲ್ಡ್ ಪಿಸಿಗಳಲ್ಲಿ ಬಯೋಸ್‌ನ ಸೀರಿಯಲ್ ನಂಬರ್ ಜಾಗದಲ್ಲಿ ‘ಟು ಬಿ ಫಿಲ್ಡ್ ಬೈ ಓಇಎಂ’ ಅಥವಾ ‘ಡೀಫಾಲ್ಟ್ ಸ್ಟ್ರಿಂಗ್’ ಎಂದಷ್ಟೇ ಇರುತ್ತದೆ. ಸೀರಿಯಲ್ ನೋಡಿ ಯಂತ್ರ ಗುರುತಿಸುವ ಟೂಲ್‌ಗೆ ಇಂಥ ಎರಡು ಪಿಸಿಗಳು ಒಂದೇ. ಯಾವುದು ಕೊನೆಗೆ ಮಾತಾಡಿತೋ ಅದರ ಆವೃತ್ತಿ ದಾಖಲಾಗುತ್ತದೆ. ಏಜೆಂಟ್ ಹಾಕಿದ ಡಿಸ್ಕನ್ನೇ ಕ್ಲೋನ್ ಮಾಡಿದ್ದರೂ ಹೀಗೆಯೇ. ಸೀರಿಯಲ್ ಇಲ್ಲದವುಗಳಿಗೆ ನೆಟ್‌ವರ್ಕ್ ಕಾರ್ಡ್‌ನ ಮ್ಯಾಕ್ ವಿಳಾಸವನ್ನು ಗುರುತಾಗಿಟ್ಟೆವು. ಕ್ಲೋನ್ ಆದವುಗಳಲ್ಲಿ ಏಜೆಂಟ್ ತೆಗೆದು, ಅದರ ಹಳೆಯ ಐಡಿ ಅಳಿಸಿ, ಹೊಸದಾಗಿ ಸೇರಿಸಿದೆವು. ಸೇರಿಸಿದ ಮೇಲೆ ಹಳೆಯ ದಾಖಲೆಯನ್ನು ಕನ್ಸೋಲ್‌ನಿಂದ ಕೈಯಾರೆ ತೆಗೆಯಬೇಕು, ಇಲ್ಲದಿದ್ದರೆ ಒಂದು ಯಂತ್ರ ಎರಡು ಸಾಲಾಗಿ ಉಳಿಯುತ್ತದೆ.

‘ಗೊತ್ತಿಲ್ಲ’ ಪಟ್ಟಿಗೆ ಫೋನೇ ಗತಿ. ಸಿಗ್ನಲ್ ಸಿಕ್ಕಾಗ ಎಸ್ಟೇಟಿನ ರೈಟ್ರಿಗೆ ಹೇಳುವುದು ಇಷ್ಟೇ: “ರೈಟ್ರೇ, ವಿಂಡೋಸ್ ಕೀ ಜೊತೆ ಆರ್ ಒತ್ತಿ, ‘ವಿನ್‌ವರ್’ ಅಂತ ಹೊಡೆದು ಎಂಟರ್ ಕೊಡಿ. ‘ಓಎಸ್ ಬಿಲ್ಡ್’ ಅಂತ ಇದೆಯಲ್ಲ, ಅದರ ಮುಂದಿನ ನಂಬರ್ ಓದಿ. ಚುಕ್ಕೆ ಆದಮೇಲಿನದ್ದೂ ಬೇಕು, ಕೊನೆಯ ಸೊನ್ನೆ ಬಿಡಬೇಡಿ.” ಬರೆದುಕೊಂಡ ಸಂಖ್ಯೆಯ ಪಕ್ಕ ಅವತ್ತಿನ ತಾರೀಕು, ‘ಫೋನ್’ ಎಂಬ ಗುರುತು. ಮುಂದಿನ ಚೆಕ್-ಇನ್ ಬಂದಾಗ ಎರಡೂ ತಾಳೆಯಾದರೆ ಆ ಗುರುತು ಅಳಿಸುತ್ತೇವೆ.